ಸ್ಕ್ರೂ ತಿರುಗಿಸೋ ಮುಂಚೆ: ಕಾರ್ಬುರೇಟರ್ ಐಡಲ್ ಮತ್ತು ಚೋಕ್

ನಮ್ಮ ವರ್ಕ್‌ಶಾಪ್‌ನಲ್ಲಿ ಒಂದು ಹಳೆಯ ಪ್ರೀಮಿಯರ್ ಪದ್ಮಿನಿ ಇದೆ. 1089 ಸಿಸಿ, ನಾಲ್ಕು ಸಿಲಿಂಡರ್, ಕಾರ್ಬುರೇಟರ್ ಎಂಜಿನ್. ಕಳೆದ ಸೆಮಿಸ್ಟರ್‌ನಲ್ಲಿ ಅದಕ್ಕೊಂದು ಕಾಯಿಲೆ ಬಂತು: ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಸಾಕು, ಎಂಜಿನ್ ಆಫ್. ಐಡಲ್ ಸ್ಕ್ರೂ ತಿರುಗಿಸಿ 1500 ಆರ್‌ಪಿಎಂಗೆ ಏರಿಸಿದ್ವಿ. ಎಂಜಿನ್ ಆಫ್ ಆಗೋದು ನಿಂತಿತು, ನಾವೂ ಖುಷಿಪಟ್ವಿ. ಆದರೆ ರಿವರ್ಸ್ ಗೇರ್ ಹಾಕಿದರೆ ಕರಕರ ಸದ್ದು! ಕಾಯಿಲೆ ವಾಸಿಯಾಗಿರಲಿಲ್ಲ, ನಾವದನ್ನು ಮುಚ್ಚಿಟ್ಟಿದ್ವಿ ಅಷ್ಟೇ.

ಒಳಗೆ ನಡೆಯೋದೇನು?

ಐಡಲ್‌ನಲ್ಲಿ ಥ್ರಾಟಲ್ ಪ್ಲೇಟ್ ಬಹುತೇಕ ಮುಚ್ಚಿರುತ್ತದೆ. ವೆಂಚುರಿಯಲ್ಲಿ ಗಾಳಿಯ ವೇಗ ಕಡಿಮೆ, ಹಾಗಾಗಿ ಮೇನ್ ಜೆಟ್‌ನಿಂದ ಪೆಟ್ರೋಲ್ ಬರಲ್ಲ. ಥ್ರಾಟಲ್ ಕೆಳಗಿರುವ ಸಣ್ಣ ಐಡಲ್ ರಂಧ್ರದಿಂದ ಬರುತ್ತದೆ. ಇಲ್ಲಿ ಎರಡು ಸ್ಕ್ರೂಗಳಿವೆ. ಸ್ಪೀಡ್ ಸ್ಕ್ರೂ ಥ್ರಾಟಲ್ ಎಷ್ಟು ತೆರೆದಿರಬೇಕು ಅಂತ ತೀರ್ಮಾನಿಸುತ್ತದೆ. ಮಿಕ್ಸ್ಚರ್ ಸ್ಕ್ರೂ ಐಡಲ್ ಮಿಶ್ರಣವನ್ನು ಹದಗೊಳಿಸುತ್ತದೆ.

ಚೋಕ್‌ನ ಕೆಲಸವೇ ಬೇರೆ. ತಣ್ಣಗಿರುವ ಎಂಜಿನ್‌ನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗದೆ ಮ್ಯಾನಿಫೋಲ್ಡ್ ಗೋಡೆಗೆ ಅಂಟಿಕೊಳ್ಳುತ್ತದೆ. ಆ ಕೊರತೆ ತುಂಬಲು ಚೋಕ್ ಗಾಳಿಯ ದಾರಿ ಮುಚ್ಚಿ ಹೆಚ್ಚು ಪೆಟ್ರೋಲ್ ಎಳೆಸುತ್ತದೆ. ಸಾಮಾನ್ಯವಾಗಿ ಜೊತೆಗೇ ಥ್ರಾಟಲ್ಲನ್ನೂ ಸ್ವಲ್ಪ ತೆರೆಯುತ್ತದೆ. ಆದ್ದರಿಂದಲೇ ಚೋಕ್ ಎಳೆದಿರುವಾಗ ಐಡಲ್ ಹೊಂದಿಸಿದರೆ ಲೆಕ್ಕವೆಲ್ಲಾ ತಪ್ಪು.

ಸರಿಯಾದ ಕ್ರಮ

1. ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಇಗ್ನಿಷನ್ ಟೈಮಿಂಗ್ ಮೊದಲು ನೋಡಿ.
2. ಎಂಜಿನ್ ಪೂರ್ತಿ ಬಿಸಿಯಾಗಲಿ. ಚೋಕ್ ನಾಬ್ ಒಳಗೆ ತಳ್ಳಿ, ಪ್ಲೇಟ್ ನೆಟ್ಟಗೆ ನಿಂತಿದೆಯಾ ಅಂತ ಕಣ್ಣಾರೆ ನೋಡಿ. ಕೇಬಲ್ ಬಿಗಿಯಾಗಿದ್ದರೆ ಪ್ಲೇಟ್ ಅರ್ಧ ಮುಚ್ಚಿಯೇ ಇರಬಹುದು. ಹಾಗಾದರೆ ಪ್ಲಗ್ ಕಪ್ಪಾಗುತ್ತದೆ, ಪೆಟ್ರೋಲ್ ಎಂಜಿನ್ ಆಯಿಲ್‌ಗೆ ಸೇರುತ್ತದೆ.
3. ಸ್ಪೀಡ್ ಸ್ಕ್ರೂನಿಂದ ಮ್ಯಾನ್ಯುಯಲ್‌ನಲ್ಲಿ ಹೇಳಿದ ವೇಗಕ್ಕೆ ತನ್ನಿ. ಇಂಥ ಎಂಜಿನ್‌ಗಳಲ್ಲಿ ಅದು ಸಾಮಾನ್ಯವಾಗಿ 700ರಿಂದ 900 ಆರ್‌ಪಿಎಂ.
4. ಮಿಕ್ಸ್ಚರ್ ಸ್ಕ್ರೂವನ್ನು ಕಾಲು ಸುತ್ತಿನಷ್ಟೇ ತಿರುಗಿಸುತ್ತಾ, ಎಂಜಿನ್ ಅತ್ಯಂತ ನಯವಾಗಿ ಓಡುವ ಜಾಗ ಹುಡುಕಿ. ಒತ್ತಿ ಬಿಗಿದರೆ ಅದರ ಸೂಜಿ ಮೊನೆ ಹಾಳಾಗುತ್ತದೆ.
5. ವೇಗ ಏರಿದ್ದರೆ ಮತ್ತೆ ಸ್ಪೀಡ್ ಸ್ಕ್ರೂನಿಂದ ಇಳಿಸಿ. 4 ಮತ್ತು 5ನ್ನು ಎರಡು ಸಲ ಮಾಡಿದರೆ ಸಾಕು.

ನಮಗೆ ಸಿಕ್ಕ ಉತ್ತರ

ಈ ಕ್ರಮ ಹಿಡಿದರೂ ನಮ್ಮ ಪದ್ಮಿನಿ ಮಾತು ಕೇಳಲಿಲ್ಲ. ಮಿಕ್ಸ್ಚರ್ ಸ್ಕ್ರೂ ಎತ್ತ ತಿರುಗಿಸಿದರೂ ವ್ಯತ್ಯಾಸವೇ ಇಲ್ಲ. ಆಗ ಲ್ಯಾಬ್‌ನ ಮೆಕ್ಯಾನಿಕ್ ಅಣ್ಣ ಒಂದು ಪರೀಕ್ಷೆ ತೋರಿಸಿದರು: ಬಿಸಿ ಎಂಜಿನ್‌ನಲ್ಲೇ ಚೋಕ್ ಸ್ವಲ್ಪ ಎಳೆಯೋದು. ಮಿಶ್ರಣ ಸರಿಯಿದ್ದರೆ ಎಂಜಿನ್ ಮುಗ್ಗರಿಸಬೇಕು. ನಮ್ಮದು ಸುಧಾರಿಸಿತು! ಅಂದರೆ ಗಾಳಿ ಹೆಚ್ಚಾಗಿತ್ತು ಅಥವಾ ಪೆಟ್ರೋಲ್ ಕಡಿಮೆಯಿತ್ತು. ಬಿಚ್ಚಿ ನೋಡಿದರೆ ಕಾರ್ಬುರೇಟರ್ ಬುಡದ ಗ್ಯಾಸ್ಕೆಟ್ ಹರಿದಿತ್ತು. ಕಳ್ಳಗಾಳಿ ಅಲ್ಲಿಂದ ನುಗ್ಗುತ್ತಿತ್ತು. ಹೊಸ ಗ್ಯಾಸ್ಕೆಟ್ ಹಾಕಿ ಹೊಂದಿಸಿದ ಮೇಲೆ 800ರಲ್ಲಿ ಹಾಯಾಗಿ ನಿಂತಿತು. ಹೊಂದಾಣಿಕೆ ಅನ್ನೋದು ಚೆನ್ನಾಗಿರೋ ಎಂಜಿನ್‌ಗೆ ಮಾಡುವಂಥದ್ದು, ಅದು ರಿಪೇರಿ ಅಲ್ಲ ಅನ್ನೋದು ಅವತ್ತು ಅರ್ಥವಾಯ್ತು.

ಒಂದು ಎಚ್ಚರಿಕೆ: ಈ ಕೆಲಸವನ್ನು ಶಟರ್ ಮುಚ್ಚಿ ಮಾಡಲೇಬೇಡಿ. ಎಕ್ಸಾಸ್ಟ್‌ನ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಪ್ರಾಣ ತೆಗೆಯುತ್ತದೆ. ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಾದಷ್ಟೂ ಅದು ಹೆಚ್ಚು. ಫ್ಯಾನ್, ಬೆಲ್ಟ್ ಹತ್ತಿರ ಐಡಿ ಕಾರ್ಡ್ ದಾರವೂ ನೇತಾಡಬಾರದು.

ಇವತ್ತಿನ ಕಾರುಗಳಲ್ಲಿ ಇದನ್ನೆಲ್ಲಾ ಇಸಿಯು ತಾನೇ ನೋಡಿಕೊಳ್ಳುತ್ತದೆ. ಆದರೆ ಅಲ್ಲೂ ಗಾಳಿ ಸೋರಿದರೆ ಐಡಲ್ ಕೆಡುತ್ತದೆ. ಸ್ಕ್ರೂ ಹೋಗಿ ಸೆನ್ಸರ್ ಬಂದಿದೆ, ಹುಡುಕುವ ಕ್ರಮ ಮಾತ್ರ ಅದೇ.