ಎರಡು ಗೆರೆ ಕಂಡ ಕೂಡಲೇ ಊರಿಗೆ ಫೋನ್ ಮಾಡಬೇಡಿ

ಹೋದ ತಿಂಗಳು ಮೆಲ್ಬರ್ನ್‌ನ ಪಶ್ಚಿಮದ ಒಂದು ಬಡಾವಣೆಯಿಂದ ದಾವಣಗೆರೆಗೆ ಸಿಹಿ ಸುದ್ದಿ ಹೋಯಿತು. ಅಲ್ಲಿ ಅತ್ತೆ ದುಗ್ಗಮ್ಮನ ಗುಡಿಯಲ್ಲಿ ಹಣ್ಣುಕಾಯಿ ಮಾಡಿಸಿ ಓಣಿಗೆಲ್ಲ ಪೇಡ ಹಂಚಿಯೂ ಆಯಿತು. ಆಮೇಲೆ ಹುಡುಗಿ ಮುಟ್ಟಾದಳು. ಅಳುತ್ತ ನನಗೆ ಫೋನ್ ಮಾಡಿದಾಗ, ನೋಡಿದ ಕಿಟ್ಟಿನ ಫೋಟೋ ಕಳಿಸು ಅಂದೆ. ಅದು ಬಸಿರು ನೋಡುವ ಕಿಟ್ಟೇ ಆಗಿರಲಿಲ್ಲ. ಅಂಡ ಯಾವಾಗ ಬಿಡುಗಡೆಯಾಗುತ್ತದೆಂದು ತಿಳಿಸುವ ಓವ್ಯುಲೇಶನ್ ಕಿಟ್! (ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ, ಊರು ಬದಲಿಸಿದ್ದೇನೆ. ಯಾರಿರಬಹುದು ಅಂತ ವಾಟ್ಸಾಪಿನಲ್ಲಿ ಹುಡುಕಾಟ ಬೇಡ.)

ನನಗೆ ಸಿಟ್ಟು ಬಂದದ್ದು ಹುಡುಗಿಯ ಮೇಲಲ್ಲ. ಇಲ್ಲಿನ ಫಾರ್ಮಸಿಗಳಲ್ಲಿ ಈ ಎರಡೂ ಪೊಟ್ಟಣ ಅಕ್ಕಪಕ್ಕ ಕೂತಿರುತ್ತವೆ, ಬಣ್ಣವೂ ಹೆಚ್ಚುಕಡಿಮೆ ಒಂದೇ. ಊರಲ್ಲಾದರೆ ಮೆಡಿಕಲ್ ಶಾಪಿನವನು ಕೇಳಿದ್ದನ್ನು ಪೇಪರಿನಲ್ಲಿ ಸುತ್ತಿ ಕೊಡುತ್ತಾನೆ. ಇಲ್ಲಿ ನಾವೇ ಕೈಚಾಚಿ ತೆಗೆದುಕೊಳ್ಳಬೇಕು. ಕೇಳೋಣವೆಂದರೆ ನಾಚಿಕೆ. ಎರಡು ಗೆರೆ ಬಂದರೆ ಬಸಿರು ಅನ್ನುವುದು ನಮ್ಮ ತಲೆಯಲ್ಲಿ ಸಿನಿಮಾ ನೋಡಿ ನೋಡಿಯೇ ಕೂತುಬಿಟ್ಟಿದೆ.

ಬಸಿರಿನ ಕಿಟ್ಟಿನಲ್ಲಿ ಎರಡನೇ ಗೆರೆ ತೆಳುವಾಗಿ ಬಂದರೂ ಅದಕ್ಕೆ ಅರ್ಥವಿದೆ. ಓವ್ಯುಲೇಶನ್ ಕಿಟ್ಟಿನಲ್ಲಿ ಹಾಗಿಲ್ಲ. ಅದು ಅಳೆಯುವುದು ಎಲ್‌ಎಚ್ ಎಂಬ ಹಾರ್ಮೋನನ್ನು. ಆ ಹಾರ್ಮೋನು ಸ್ವಲ್ಪ ಮಟ್ಟಿಗೆ ಮೈಯಲ್ಲಿ ಯಾವಾಗಲೂ ಇರುವುದರಿಂದ ತೆಳು ಗೆರೆ ಯಾವ ದಿನ ಬೇಕಾದರೂ ಕಾಣಬಹುದು. ಪರೀಕ್ಷೆಯ ಗೆರೆ ಪಕ್ಕದ ಗೆರೆಯಷ್ಟೇ ಗಾಢವಾಗಿ, ಇಲ್ಲವೇ ಅದಕ್ಕಿಂತ ಗಾಢವಾಗಿ ಬಂದಾಗ ಮಾತ್ರ ಎಲ್‌ಎಚ್ ಏರಿದೆ ಎಂದು ಲೆಕ್ಕ. ಅಲ್ಲಿಂದ ಸುಮಾರು 24ರಿಂದ 36 ಗಂಟೆಯೊಳಗೆ ಅಂಡ ಹೊರಬರುತ್ತದೆ. ಗೆರೆಯ ಬದಲು ನಗುಮುಖ ತೋರಿಸುವ ಡಿಜಿಟಲ್ ಕಿಟ್ಟೂ ಇದೆ, ದುಡ್ಡು ಜಾಸ್ತಿ. ಪಿಸಿಒಎಸ್ ಇರುವವರಿಗೆ ಎಲ್‌ಎಚ್ ಮೊದಲೇ ಹೆಚ್ಚಿರುವುದುಂಟು. ಅವರಿಗೆ ಈ ಕಿಟ್ಟು ಸುಳ್ಳು ಹೇಳಬಹುದು, ಅವರು ನೇರ ಡಾಕ್ಟರನ್ನೇ ಕೇಳುವುದು ಮೇಲು.

ಇನ್ನು, ಮುಟ್ಟಾದ ಹದಿನಾಲ್ಕನೇ ದಿನವೇ ಅಂಡ ಬಿಡುಗಡೆ ಎಂಬ ಭ್ರಮೆ. ಮೊಬೈಲಿನ ಆ್ಯಪ್ ತಿಂಗಳ ನಡುವೆ ಬಣ್ಣದ ಚುಕ್ಕೆ ಹಾಕುತ್ತದೆ, ಗಂಡ-ಹೆಂಡತಿ ಅದನ್ನೇ ಮುಹೂರ್ತದ ಹಾಗೆ ಕಾಯುತ್ತಾರೆ. 28 ದಿನಕ್ಕೆ ಸರಿಯಾಗಿ ಮುಟ್ಟಾಗುವವರಿಗೆ ಅದು ಹೆಚ್ಚುಕಡಿಮೆ ಹೊಂದೀತು. ಅಂಡ ಬಿಡುಗಡೆಯಾದ ಮೇಲೆ ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ ಹಿಡಿಯುತ್ತದೆ. ಏರುಪೇರು ಇರುವುದು ಹೆಚ್ಚಾಗಿ ಅದಕ್ಕೂ ಮುಂಚಿನ ದಿನಗಳಲ್ಲಿ. ಹಾಗಾಗಿ 35 ದಿನದ ಚಕ್ರವಿದ್ದವಳಿಗೆ ಅಂಡ ಬಿಡುಗಡೆ 21ನೇ ದಿನದ ಆಸುಪಾಸು. ದೇಶ ಬಿಟ್ಟು ಬಂದ ಹೊಸದರಲ್ಲಿ ನಿದ್ದೆ, ಊಟ, ನೈಟ್ ಶಿಫ್ಟು, ತೂಕ ಎಲ್ಲ ಬದಲಾಗಿ ಚಕ್ರವೂ ಆಚೀಚೆ ಆಗುತ್ತದೆ. ಊರಿನ ಲೆಕ್ಕವನ್ನು ಇಲ್ಲಿಗೆ ಹೊತ್ತು ತಂದು ಆ್ಯಪಿಗೆ ತುಂಬಬೇಡಿ.

ದುಡ್ಡು ಕೊಡದೆ ಸಿಗುವ ಗುರುತೊಂದಿದೆ. ಅದನ್ನು ಲೋಕಕ್ಕೆ ತಿಳಿಸಿಕೊಟ್ಟವರು ನಮ್ಮ ಈ ಮೆಲ್ಬರ್ನಿನವರೇ. ಜಾನ್ ಬಿಲಿಂಗ್ಸ್ ಎಂಬ ನರರೋಗ ವೈದ್ಯರು 1953ರಲ್ಲಿ ಶುರು ಮಾಡಿದ ಕೆಲಸವನ್ನು ಆಮೇಲೆ ಅವರ ಹೆಂಡತಿ, ಮಕ್ಕಳ ವೈದ್ಯೆ ಎವ್ಲಿನ್ ಕೂಡ ಸೇರಿ ಬೆಳೆಸಿದರು. ಯೋನಿಯಿಂದ ಬರುವ ಬಿಳಿ ದ್ರವ ತಿಂಗಳಿಡೀ ಒಂದೇ ಥರ ಇರುವುದಿಲ್ಲ. ಮುಟ್ಟು ನಿಂತ ಮೇಲೆ ಒಣಗಿದಂತೆ, ಆಮೇಲೆ ಅಂಟಂಟು, ಅಂಡ ಬಿಡುಗಡೆ ಹತ್ತಿರವಾದಂತೆ ತಿಳಿಯಾಗಿ, ಜಾರುವಂತೆ, ಎಳೆದರೆ ದಾರದಂತೆ. ಇಲ್ಲಿನ ಕರಪತ್ರಗಳೆಲ್ಲ ಹಸಿ ಮೊಟ್ಟೆಯ ಬಿಳಿಯ ಹಾಗೆ ಎನ್ನುತ್ತವೆ. ಮೊಟ್ಟೆಯನ್ನೇ ಮುಟ್ಟದ ಮನೆಯ ಹುಡುಗಿಗೆ ಅದು ಹೇಗೆ ತಿಳಿಯಬೇಕು? ಬೆಂಡೆಕಾಯಿ ಹೆಚ್ಚಿದಾಗಿನ ಲೋಳೆಯನ್ನು ನೆನೆಸಿಕೊಳ್ಳಿ, ಸಾಕು.

ನಮ್ಮಲ್ಲಿ ಇದಕ್ಕೆಲ್ಲ ಒಂದೇ ಮಾತು: ‘ಬಿಳಿ ಹೋಗ್ತಿದೆ, ಉಷ್ಣ ಆಗಿದೆ’. ಅಮ್ಮ ಬಾರ್ಲಿ ನೀರು ಕೊಡುತ್ತಿದ್ದರು, ನಾವು ಕಾಯಿಲೆ ಅಂತ ಹೆದರುತ್ತಿದ್ದೆವು. ನಾನಂತೂ ಮದುವೆಯಾಗಿ ಎಷ್ಟೋ ವರ್ಷ ಹಾಗೇ ನಂಬಿದ್ದೆ. ತುರಿಕೆ, ಕೆಟ್ಟ ವಾಸನೆ, ಹಳದಿ-ಹಸಿರು ಬಣ್ಣ ಇದ್ದರೆ ಅದು ಡಾಕ್ಟರಿಗೆ ತೋರಿಸಬೇಕಾದ್ದೇ. ಇಲ್ಲದಿದ್ದರೆ ಮೈ ತನ್ನ ಕೆಲಸ ಮಾಡುತ್ತಿದೆ ಅಷ್ಟೆ.

ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲೇ ಮೈಯ ತಾಪ ನೋಡುವ ಪದ್ಧತಿಯೂ ಇದೆ. ಅರ್ಧ ಡಿಗ್ರಿಗಿಂತ ಕಡಿಮೆ ಏರಿಕೆ, ಅದೂ ಅಂಡ ಬಿಡುಗಡೆಯಾದ ಮೇಲೆ. ಬಸ್ಸು ಹೋದ ಮೇಲೆ ಹೇಳಿ ಏನು ಫಲ! ಪಾಳಿಯಲ್ಲಿ ದುಡಿಯುವವರಂತೂ ಇದರ ಗೊಡವೆಗೆ ಹೋಗಬೇಡಿ.

ಹೊರಬಂದ ಅಂಡ ಬದುಕುವುದು ಹೆಚ್ಚೆಂದರೆ ಒಂದು ದಿನ. ಗಂಡಸಿನ ವೀರ್ಯಾಣು ಒಳಗೆ ಐದು ದಿನದವರೆಗೂ ಕಾದಿರಬಲ್ಲದು. ಅಂದಮೇಲೆ ಅಂಡ ಬಿಡುಗಡೆಯ ದಿನ ಮತ್ತು ಅದಕ್ಕೂ ಮುಂಚಿನ ಐದು ದಿನ ಮುಖ್ಯ. ಎರಡು-ಮೂರು ದಿನಕ್ಕೊಮ್ಮೆ ಸೇರುವ ಜೋಡಿಗೆ ಕಿಟ್ಟೂ ಬೇಡ, ಚುಕ್ಕೆಯೂ ಬೇಡ. ಬಸಿರಿನ ಕಿಟ್ಟನ್ನು ಮುಟ್ಟಿನ ದಿನ ದಾಟಿದ ಮೇಲೆಯೇ ನೋಡಿ. ಅದು ಹೌದು ಅಂದರೂ ಮೊದಲ ಫೋನು ಡಾಕ್ಟರಿಗಿರಲಿ, ಆಮೇಲೆ ಅತ್ತೆಗೆ.

ಮಗುವಿಗಾಗಿ ಪ್ರಯತ್ನ ಶುರು ಮಾಡುವ ಮುಂಚೆಯೇ ಜಿಪಿ, ಅಂದರೆ ಫ್ಯಾಮಿಲಿ ಡಾಕ್ಟರ ಹತ್ತಿರ ಹೋಗಿ. ಲಾಂಗ್ ಅಪಾಯಿಂಟ್‌ಮೆಂಟ್ ಅಂತಲೇ ಕೇಳಿ. ಫೋಲಿಕ್ ಆ್ಯಸಿಡ್ ಮಾತ್ರೆ ಕನಿಷ್ಠ ಒಂದು ತಿಂಗಳು ಮೊದಲೇ ಶುರುವಾಗಬೇಕು. ಸಾಮಾನ್ಯರಿಗೆ ದಿನಕ್ಕೆ 400 ಮೈಕ್ರೊಗ್ರಾಂ, ಸಕ್ಕರೆ ಕಾಯಿಲೆ ಮುಂತಾದವು ಇದ್ದರೆ ಹೆಚ್ಚು ಬೇಕಾದೀತು. 2009ರಿಂದ ಇಲ್ಲಿ ಬ್ರೆಡ್ಡಿನ ಗೋಧಿ ಹಿಟ್ಟಿಗೆ ಅದನ್ನು ಕಡ್ಡಾಯವಾಗಿ ಬೆರೆಸುತ್ತಾರೆ, ನಿಜ. ಆದರೆ ನಾವು ತಿನ್ನುವುದು ಅನ್ನ, ದೋಸೆ, ರಾಗಿಮುದ್ದೆ. ಆ ಪುಣ್ಯ ನಮ್ಮ ತಟ್ಟೆಗೆ ಬರುವುದಿಲ್ಲ.

ರೂಬೆಲ್ಲಾ ರಕ್ತಪರೀಕ್ಷೆಯನ್ನು ಬಾಯಿಬಿಟ್ಟು ಕೇಳಿ. ಕರ್ನಾಟಕದಲ್ಲಿ ದಡಾರ-ರೂಬೆಲ್ಲಾ ಲಸಿಕೆಯ ದೊಡ್ಡ ಅಭಿಯಾನ ನಡೆದದ್ದು 2017ರಲ್ಲಿ, ಹದಿನೈದರೊಳಗಿನ ಮಕ್ಕಳಿಗೆ. ಆಗಲೇ ಕಾಲೇಜಿನಲ್ಲಿದ್ದ ನಿಮಗೆ ಸಿಕ್ಕಿರದೇ ಇರಬಹುದು. ಲಸಿಕೆ ಹಾಕಿಸಿದರೆ ನಾಲ್ಕು ವಾರ ಬಸಿರಾಗುವಂತಿಲ್ಲ, ಅದಕ್ಕೇ ಮೊದಲೇ ಮುಗಿಸಿ. ಥಲಸ್ಸೀಮಿಯಾ ವಾಹಕರೇ ಎಂದು ನೋಡುವ ಪರೀಕ್ಷೆಯನ್ನೂ ಅದೇ ಸಲ ಕೇಳಿಬಿಡಿ.

ಒಂದು ವರ್ಷ ಪ್ರಯತ್ನಿಸಿಯೂ ಬಸಿರು ನಿಲ್ಲದಿದ್ದರೆ, 35 ದಾಟಿದವರು ಆರೇ ತಿಂಗಳಿಗೆ, ಮತ್ತೆ ಜಿಪಿಯನ್ನು ಕಾಣಿ. ಇಬ್ಬರೂ ಹೋಗಿ. ವೀರ್ಯ ಪರೀಕ್ಷೆ ಸುಲಭದ್ದು, ಮೊದಲ ಸುತ್ತಿನಲ್ಲೇ ಆಗಬೇಕಾದ್ದು. ಹೆಂಡತಿಗೆ ಸ್ಕ್ಯಾನ್ ಮೇಲೆ ಸ್ಕ್ಯಾನ್ ಮಾಡಿಸಿ, ತಾನು ಮಾತ್ರ ಕಾರಿನಲ್ಲಿ ಕ್ರಿಕೆಟ್ ಸ್ಕೋರು ನೋಡುತ್ತ ಕೂತ ಗಂಡಂದಿರನ್ನು ನಾನು ಕಂಡಿದ್ದೇನೆ. ಅಣ್ಣಂದಿರೇ, ಒಳಗೆ ಬನ್ನಿ.

ಟೆಂಪರರಿ ವೀಸಾದಲ್ಲಿರುವವರು ಇನ್ನೊಂದು ನೋಡಬೇಕು. ಎಷ್ಟೋ ವಿಮೆಗಳಲ್ಲಿ ಬಸಿರು-ಹೆರಿಗೆಗೆ 12 ತಿಂಗಳ ಕಾಯುವ ಅವಧಿ ಇರುತ್ತದೆ. ಬಸಿರು ಗೊತ್ತಾದ ಮೇಲೆ ಮಾಡಿಸಿದ ಅಂಥ ವಿಮೆ ಆ ಹೆರಿಗೆಗೆ ಒದಗುವುದಿಲ್ಲ. ಕಾರ್ಡಿನ ಮೇಲಿನ ನಂಬರಿಗೆ ಈ ವಾರವೇ ಫೋನ್ ಮಾಡಿ, ನಿಮ್ಮ ಅವಧಿ ಯಾವ ತಾರೀಖಿಗೆ ಮುಗಿಯುತ್ತದೆಂದು ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ.