ನೆಟ್‌ವರ್ಕ್ ನೋಡಿ ಅಂಕ ಕೊಡಬೇಡಿ

ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಕಲಿಕಾ ಯೋಜನೆಯ 12 ವಾರಗಳ ಕೋರ್ಸಿನಲ್ಲಿ ವಾರಕ್ಕೊಂದು ಅಸೈನ್‌ಮೆಂಟ್ ಇರುತ್ತದೆ. ಲೆಕ್ಕಕ್ಕೆ ಹಿಡಿಯುವುದು ಮಾತ್ರ ಹೆಚ್ಚು ಅಂಕ ಬಂದ 8 ಅನ್ನು. ಜ್ವರ ಬಂದ ವಾರ, ಕರೆಂಟು ಕೈಕೊಟ್ಟ ವಾರ ವಿದ್ಯಾರ್ಥಿಯನ್ನು ಮುಳುಗಿಸುವುದಿಲ್ಲ. ಈ ಅಸೈನ್‌ಮೆಂಟ್‌ಗಳಿಗೆ 25 ಅಂಕ. ಉಳಿದ 75 ಪರೀಕ್ಷಾ ಕೇಂದ್ರಕ್ಕೇ ಹೋಗಿ ಬರೆಯುವ ಪರೀಕ್ಷೆಗೆ. ಪ್ರಮಾಣಪತ್ರ ಬೇಕೆಂದರೆ ಅಸೈನ್‌ಮೆಂಟಿನಲ್ಲಿ ಕನಿಷ್ಠ 10, ಪರೀಕ್ಷೆಯಲ್ಲಿ ಕನಿಷ್ಠ 30 ಬರಲೇಬೇಕು.

ಕಾಲೇಜಿನ ಮೇಷ್ಟ್ರುಗಳು ಗಮನಿಸಬೇಕಾದ ಏರ್ಪಾಡು ಇದು.

ತರಗತಿಯಲ್ಲಿ ಹುಡುಗಿ ತಡವರಿಸಿದರೆ ಮೇಷ್ಟ್ರು ಮುಖ ನೋಡಿ ಪ್ರಶ್ನೆಯನ್ನೇ ಬೇರೆ ರೀತಿ ಕೇಳುತ್ತಾರೆ. ಆನ್‌ಲೈನ್‌ನಲ್ಲಿ ಆ ಮುಖ ಕಾಣುವುದಿಲ್ಲ. ಕ್ಯಾಮೆರಾ ಆಫ್ ಇತ್ತೆಂದು ಅಂಕ ಕಡಿಯುವುದಂತೂ ಅನ್ಯಾಯ. ಬರೆದು ಕಳಿಸಿದ್ದರ ಬಗ್ಗೆ ಐದು ನಿಮಿಷ ಫೋನಿನಲ್ಲಿ ಮಾತಾಡಿಸಿದರೆ, ಕಲಿತದ್ದೆಷ್ಟು, ಕಾಪಿ ಹೊಡೆದದ್ದೆಷ್ಟು ಎಂಬುದು ಬಹುಮಟ್ಟಿಗೆ ಗೊತ್ತಾಗುತ್ತದೆ. ಯಾವುದಕ್ಕೆ ಎಷ್ಟು ಅಂಕ ಎಂಬುದನ್ನು ಮೊದಲ ದಿನವೇ ಮಕ್ಕಳಿಗೆ ಹೇಳಿಬಿಡಿ.