ಹೊರಹಾಕಿದ ನೀರು ತಿರುಗಿ ದೋಣಿಗೆ ಬಾರದಿರಲಿ



ನಮ್ಮ ಕಡೆಯವರಿಗೆ ಲಾಂಚ್ ಹೊಸತೇನಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರು ನಿಂತ ಮೇಲೆ ಊರು ಊರಿನ ನಡುವೆ ನೀರೇ ಬಂತು. ತುಮರಿಗೆ, ಸಿಗಂದೂರಿಗೆ ಹೋಗುವವರೆಲ್ಲ ಹೊಳೆಬಾಗಿಲಿನಲ್ಲಿ ಲಾಂಚ್ ಕಾದವರೇ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಗಿ ಅಲ್ಲಿನ ಕಾಯುವಿಕೆ ತಪ್ಪಿತು. ಹಾಗಂತ ದೋಣಿಯ ಸಹವಾಸ ಬಿಟ್ಟಿತು ಅಂತಲ್ಲ. ಹಿನ್ನೀರಿನಲ್ಲಿ ಮೀನು ಹಿಡಿಯುವ ಮನೆಗಳಿವೆ, ತೀರ್ಥಹಳ್ಳಿಯ ತುಂಗಾ ದಡದಲ್ಲೂ ದೋಣಿ ಬಲ್ಲವರಿದ್ದಾರೆ.

ಎಂಥ ದೋಣಿಯಾದರೂ ತಳಕ್ಕೆ ಸ್ವಲ್ಪ ನೀರು ಬಂದೇ ಬರುತ್ತದೆ. ಮಳೆ ನೀರು, ಹಲಗೆ ಸಂದಿಯ ನೀರು, ಇಂಜಿನ್ನಿನ ದಂಡ ಹೊರಗೆ ಹೋಗುವಲ್ಲಿ ಜಿನುಗುವ ನೀರು. ಸಣ್ಣ ದೋಣಿಯಲ್ಲಿ ಡಬ್ಬಿಯಿಂದ ಮೊಗೆದು ಚೆಲ್ಲುತ್ತಾರೆ. ಇಂಜಿನ್ ದೋಣಿಯಲ್ಲಿ ಇದಕ್ಕೊಂದು ಪಂಪು ಇರುತ್ತದೆ. ಅದರ ಪೈಪು ದೋಣಿಯ ಪಕ್ಕದಲ್ಲಿ ಒಂದು ತೂತಿನಿಂದ ಹೊರಗೆ ಬರುತ್ತದೆ. ನಾವು ಹತ್ತುವಾಗ ಲೈಫ್ ಜಾಕೆಟ್ ಇದೆಯಾ ಅಂತ ಕೇಳುತ್ತೇವೆ, ಕೇಳಲೇಬೇಕು. ಆದರೆ ಈ ತೂತನ್ನು ಯಾರೂ ನೋಡುವುದಿಲ್ಲ.

ಖಾಲಿ ದೋಣಿಯಲ್ಲಿ ಆ ತೂತು ನೀರಿನಿಂದ ಮೇಲೆ ಇರುತ್ತದೆ. ಜನ, ಬೈಕು, ಮೂಟೆ ಎಲ್ಲ ಹತ್ತಿದ ಮೇಲೆ ದೋಣಿ ತಗ್ಗುತ್ತದೆ, ಇಲ್ಲವೇ ಒಂದು ಕಡೆ ವಾಲುತ್ತದೆ. ಆಗ ತೂತು ನೀರಿನೊಳಗೆ ಮುಳುಗುತ್ತದೆ. ಪಂಪು ನಡೆಯುವಷ್ಟು ಹೊತ್ತು ಏನೂ ಗೊತ್ತಾಗುವುದಿಲ್ಲ. ಪಂಪು ನಿಂತಿತೋ, ಪೈಪಿನ ತುಂಬ ನೀರಿದೆ, ಹೊರಗಿನ ನೀರು ಮೇಲಿದೆ, ದೋಣಿಯ ತಳ ಕೆಳಗಿದೆ. ಡ್ರಮ್ಮಿನಿಂದ ಡೀಸೆಲ್ ತೆಗೆಯಲು ಪೈಪನ್ನು ಬಾಯಲ್ಲಿ ಒಮ್ಮೆ ಎಳೆದು ಬಿಟ್ಟರೆ ತನ್ನಷ್ಟಕ್ಕೆ ಸುರಿಯುತ್ತದಲ್ಲ, ಅದೇ ಲೆಕ್ಕ. ನೀರು ಹೊರಹಾಕಲು ಇಟ್ಟ ಪೈಪೇ ಹೊಳೆಯನ್ನು ಒಳಗೆ ತರುತ್ತದೆ.

ಎಷ್ಟು ನೀರು ಅಂತ ಲೆಕ್ಕ ಹಾಕೋಣ. 5 ಮೀಟರ್ ಉದ್ದ, 2 ಮೀಟರ್ ಅಗಲದ ತಳದಲ್ಲಿ 10 ಸೆಂಟಿಮೀಟರ್ ನೀರು ನಿಂತರೆ 1,000 ಲೀಟರ್. ಅಂದರೆ ಒಂದು ಟನ್, ಹದಿನೆಂಟು ಜನರ ಭಾರ. ಜನರಾದರೆ ಕೂತಲ್ಲಿ ಕೂರುತ್ತಾರೆ, ನೀರು ಕೂರುವುದಿಲ್ಲ. ದೋಣಿ ವಾಲಿದ ಕಡೆಗೇ ಓಡಿ ಇನ್ನಷ್ಟು ವಾಲಿಸುತ್ತದೆ.

“ವಾಲ್ವ್ ಹಾಕಿದ್ದೇವೆ ಬಿಡ್ರಿ” ಅನ್ನುವವರಿದ್ದಾರೆ. ನೀರನ್ನು ಒಂದೇ ಕಡೆ ಬಿಡುವ ವಾಲ್ವ್ ಒಳ್ಳೆಯದೇ. ಆದರೆ ತೋಟದ ಪಂಪಿನ ಫುಟ್‌ವಾಲ್ವಿಗೆ ಒಂದು ಎಲೆ ಸಿಕ್ಕಿದರೆ ನೀರು ಇಳಿದು ಹೋಗಿ, ಬೆಳಿಗ್ಗೆ ಮತ್ತೆ ಕೊಡ ಹಿಡಿದು ನೀರು ತುಂಬಿಸಬೇಕಾದ ಕಷ್ಟ ನಮಗೆ ಗೊತ್ತಿಲ್ಲವೇ? ದೋಣಿಯ ತಳದಲ್ಲಂತೂ ಎಣ್ಣೆ, ಚಿಂದಿ, ಕಸ ಎಲ್ಲ ಇರುತ್ತದೆ. ವಾಲ್ವೊಂದನ್ನೇ ನಂಬಬಾರದು.

ಸರಿಯಾದ ಉಪಾಯ ಬೇರೆ ಇದೆ. ಹೊರತೂತು ತುಂಬಿದ ದೋಣಿಯಲ್ಲೂ, ವಾಲಿದಾಗಲೂ ನೀರಿಗಿಂತ ಮೇಲಿರಬೇಕು. ಪೈಪನ್ನು ಪಂಪಿನಿಂದ ನೇರ ತೂತಿಗೆ ಒಯ್ಯದೆ, ಮೊದಲು ಸಾಧ್ಯವಾದಷ್ಟು ಎತ್ತರಕ್ಕೆ ಕಮಾನಿನಂತೆ ಏರಿಸಿ ಆಮೇಲೆ ಇಳಿಸಬೇಕು. ಕಮಾನಿನ ತುತ್ತತುದಿಯಲ್ಲಿ ಗಾಳಿ ಹೋಗಲು ದಾರಿ ಬೇಕು. ಬರೀ ತೂತಾದರೆ ಪಂಪು ನಡೆಯುವಾಗ ನೀರು ಚಿಮ್ಮುತ್ತದೆ, ಅದಕ್ಕೆ ಗಾಳಿಯನ್ನು ಮಾತ್ರ ಒಳಬಿಡುವ ಸಣ್ಣ ವಾಲ್ವ್ ಸಿಗುತ್ತದೆ. ಎರಡು ಪಂಪಿದ್ದರೆ ಎರಡಕ್ಕೂ ಬೇರೆ ಬೇರೆ ತೂತು. ಒಂದೇ ಪೈಪಿಗೆ ಸೇರಿಸಿದರೆ ಒಂದು ಪಂಪು ಎತ್ತಿದ್ದು ಇನ್ನೊಂದರಿಂದ ಇಳಿಯುತ್ತದೆ.

ನಂಬಿಕೆ ಬಾರದಿದ್ದರೆ ವಾರದ ಸಭೆಯಲ್ಲಿ ಮಾಡಿ ನೋಡಿ. ಸ್ಟೂಲಿನ ಮೇಲೆ ತುಂಬಿದ ಬಕೆಟ್, ಕೆಳಗೆ ಖಾಲಿ ಬಕೆಟ್, ಎರಡು ಗಜ ಪ್ಲಾಸ್ಟಿಕ್ ಪೈಪು. ಪೈಪಿನ ನಡುವೆ ಕಾಯಿಸಿದ ಮೊಳೆಯಿಂದ ಒಂದು ತೂತು ಮಾಡಿ, ಅದನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿಯಿರಿ. ಪೈಪಿನಲ್ಲಿ ನೀರು ತುಂಬಿ, ಒಂದು ತುದಿ ಮೇಲಿನ ಬಕೆಟ್ಟಿನಲ್ಲಿ, ಇನ್ನೊಂದು ಕೆಳಗಿನದರಲ್ಲಿ. ತೂತು ಮೇಲಿನ ನೀರಿಗಿಂತ ಎತ್ತರದಲ್ಲಿರಲಿ. ನೀರು ಸುರಿಯುತ್ತದೆ. ಹೆಬ್ಬೆರಳು ತೆಗೆಯಿರಿ, ಗಾಳಿ ಒಳಹೊಕ್ಕು ನಿಲ್ಲುತ್ತದೆ. ಮಕ್ಕಳನ್ನೂ ಕೂರಿಸಿಕೊಳ್ಳಿ, ಅವರಿಗೆ ಇದು ಆಟ.

ದೋಣಿ ಹತ್ತದವರಿಗೂ ಇದರಲ್ಲಿ ಕೆಲಸವಿದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವಾಗ ಬಾವಿಯ ಪಂಪಿನ ಪೈಪನ್ನು ಡ್ರಮ್ಮಿನೊಳಗೆ ಮುಳುಗಿಸಿ ಬಿಡುತ್ತೇವೆ. ಕರೆಂಟು ಹೋಗಿ, ಫುಟ್‌ವಾಲ್ವ್ ಸೋರುತ್ತಿದ್ದರೆ, ಮೈಲುತುತ್ತದ ನೀರು ಕುಡಿಯುವ ಬಾವಿಗೇ ಇಳಿಯುತ್ತದೆ. ಪೈಪಿನ ಬಾಯಿ ಡ್ರಮ್ಮಿನ ಅಂಚಿಗಿಂತ ಒಂದು ಗೇಣು ಮೇಲೆ ಕಟ್ಟಿ.

ಇನ್ನು ಮುಂದೆ ದೋಣಿ ಹತ್ತುವ ಮೊದಲು ಪಕ್ಕದ ಆ ತೂತು ಎಲ್ಲಿದೆ ನೋಡಿ, ಎಲ್ಲರೂ ಹತ್ತಿದ ಮೇಲೆ ಇನ್ನೊಮ್ಮೆ ನೋಡಿ. ಮುಳುಗಿದ್ದರೆ “ಅಣ್ಣಾ, ಭಾರ ಹೆಚ್ಚಾಯ್ತು, ನಾವು ನಾಲ್ಕು ಜನ ಮುಂದಿನ ಸಲ ಬರ್ತೀವಿ” ಅನ್ನಿ.